ದಿವಂಗತ ಡಾಕ್ಟರ್ ಕ್ಲಾಡ್ ಬೆಕ್

1947ನೆಯ ಇಸವಿ ಎಂದೊಡನೆ ನಮ್ಮ ವಾಚಕರ ಸ್ಮರಣೆಗೆ ಬರುವುದು ಭರತಖಂಡದ ಬಂಧವಿಮೋಚನೆ. ಅದು ಸಹಜವೇ ಸರಿ. ಅದೇ ವರ್ಷ ಅಮೆರಿಕೆಯ ಓಹಾಯೋ ಸಂಸ್ಥಾನದ ಕ್ಲೀವ್‌ಲೆಂಡ್ ನಗರದ ಒಂದು ಶಸ್ತ್ರಚಿಕಿತ್ಸಾಗೃಹದಲ್ಲಿ 14 ವರ್ಷದ ಬಾಲಕನೊಬ್ಬನ ಹೃದಯವು ಕೆಲಸವನ್ನು ತೊರೆದು ಬರಿದೆ ಅದುರುತ್ತಿದ್ದು, ವಿದ್ಯುತ್ತಿನ ಆಘಾತದಿಂದ ಮತ್ತೆ ತಾಳಕ್ಕೆ ಬಂದಿತು. ಮನುಷ್ಯನೊಬ್ಬನು ಈ ರೀತಿಯಿಂದ ಬದುಕಿ ಮನೆಗೆ ಮರಳಿದುದು ಅದೇ ಮೊದಲು. ಆ ಕಾರ್ಯವನ್ನು ಸಾಧಿಸಿದ ಡಾಕ್ಟರ್ ಕ್ಲಾಡ್ ಬೆಕ್ ಅವರ ಹೆಸರು ವೈದ್ಯವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದರೂ ಅವರ ಜೀವನವು ಸಾಮಾನ್ಯ ವಾಚಕರಿಗೆ ಅಷ್ಟಾಗಿ ತಿಳಿದಿಲ್ಲ. ಆದುದರಿಂದ ಅದನ್ನು ಇಲ್ಲಿ ಸಂಗ್ರಹಿಸಲು ಯತ್ನಿಸುತ್ತೇವೆ.

ಬೆಕ್ ಮಹಾಶಯರು 1894ನೆಯ ಇಸವಿಯಲ್ಲಿ ಪೆನ್ಸಿಲ್ವೇನಿಯಾ ಸಂಸ್ಥಾನದ ಶಮೋಕಿನ್ ಎಂಬ ಕಲ್ಲಿದ್ದಲ ಗಣಿಗಳ ಊರಿನಲ್ಲಿ ಜನಿಸಿದರು. ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ವಿದ್ಯಾಲಯದಲ್ಲಿ ವೈದ್ಯಶಿಕ್ಷಣವನ್ನು ಮುಗಿಸಿ 1921ರಲ್ಲಿ ಪದವಿಯನ್ನು ಪಡೆದರು. ಅನಂತರ ಬಾಸ್ಟನ್ನಿನಲ್ಲಿ, ಮೆದುಳಿನ ಶಸ್ತ್ರಚಿಕಿತ್ಸೆಯ ಆದಿಪುರುಷರೆನಿಸಿದ ಹಾರ್ವಿ ಕುಶಿಂಗ್ ಅವರ ಬಳಿಯಲ್ಲಿ ಕೆಲಸ ಮಾಡಿದರು. ಅಲ್ಲಿಯೇ ಇದ್ದ ಎಲಿಯಟ್ ಕಟ್ಲರ್ ಎಂಬ ಶಸ್ತ್ರವೈದ್ಯರು 1923ರಲ್ಲಿ ಹೃದಯದೊಳಗಿನ ಕವಾಟಕ್ಕೇ ಕತ್ತಿಯನ್ನು ಹಾಕುವ ಸಾಹಸಕ್ಕೆ ಕೈಯಿಕ್ಕಿದ್ದರು. ಹೃದಯವೆಂಬುದು ಶಸ್ತ್ರವೈದ್ಯನು ಮುಟ್ಟಬಾರದ ಅಂಗವೆಂಬ ಭಾವನೆ ಅಂದು ಪ್ರಬಲವಾಗಿದ್ದಿತು. ಕಟ್ಲರರು 1924ರಲ್ಲಿ ಕ್ಲೀವ್‌ಲೆಂಡಿಗೆ ಪ್ರಾಧ್ಯಾಪಕರಾಗಿ ಹೋದಾಗ ಬೆಕ್ ಅವರೂ ಹಿಂಬಾಲಿಸಿದರು. ಮೊದಲನೆಯ ರೋಗಿಯು ಉಳಿದರೂ ತರುವಾಯದವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. 1929ರ ಹೊತ್ತಿಗೆ ಆ ಪ್ರಯತ್ನವನ್ನು ಕೈಬಿಡಬೇಕಾಯಿತು. ಇಂಥ ಸೋಲಿನಲ್ಲಿ ಪಾಲುಗಾರನಾದ ತರುಣ ವೈದ್ಯನು ಹೃದಯದ ಗೊಡವೆಯೇ ಬೇಡವೆಂದು ಬೇರೆ ದಾರಿ ಹಿಡಿದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಬೆಕ್ ಅವರು ಹಾಗೆ ಮಾಡಲಿಲ್ಲ.

1935ರಲ್ಲಿ ಅವರು ರಕ್ತದ ಪೂರೈಕೆ ಕುಂದಿದ ಹೃದಯಕ್ಕೆ ಎದೆಯ ಮಾಂಸಖಂಡದ ಒಂದು ಭಾಗವನ್ನು ಹೊಲಿದು, ಆ ಮೂಲಕ ಹೊಸ ರಕ್ತಮಾರ್ಗಗಳು ಬೆಳೆಯುವಂತೆ ಮಾಡಲು ಯತ್ನಿಸಿದರು. ಮುಂದೆ ಹೃದಯದ ಹೊರಮೈಯನ್ನು ಉಜ್ಜಿ, ಕಲ್ನಾರಿನ ಪುಡಿಯನ್ನು ಉದುರಿಸಿ, ಸುತ್ತಲಿನ ಪೊರೆಯು ಅದಕ್ಕೆ ಅಂಟಿಕೊಳ್ಳುವಂತೆ ಮಾಡುವ ಕ್ರಮವನ್ನೂ, ಮಹಾಧಮನಿಯಿಂದ ಹೃದಯದ ದೊಡ್ಡ ಸಿರೆಗೆ ನಾಳವನ್ನು ಜೋಡಿಸಿ, ಬಸಿಗಾಲುವೆಯಲ್ಲಿ ನೀರನ್ನು ಹಿಮ್ಮುಖವಾಗಿ ನುಗ್ಗಿಸಿದಂತೆ ರಕ್ತವನ್ನು ಹರಿಯಿಸುವ ಕ್ರಮವನ್ನೂ ರೂಪಿಸಿದರು. ಈ ಚಿಕಿತ್ಸೆಗಳು ಅವರ ಹೆಸರಿನಿಂದಲೇ ಪ್ರಸಿದ್ಧವಾದುವು. ಆದರೆ ಅವು ಬಾಳಲಿಲ್ಲ. ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಸಮನಾಗಿ ತೂಗಿ ನೋಡುವ ಪದ್ಧತಿಯು ಶಸ್ತ್ರವೈದ್ಯರಲ್ಲಿ ಆಗ ಬೇರೂರಿರಲಿಲ್ಲ. ರೋಗಿಯು ನೋವು ಕಡಿಮೆಯಾಯಿತೆಂದರೆ ಅದನ್ನೇ ಪ್ರಮಾಣವೆಂದು ಎಣಿಸುತ್ತಿದ್ದರು. ತಮ್ಮ ಆಯುಷ್ಯದ ಬಹುಭಾಗವನ್ನು ಬೆಕ್ ಅವರು ವ್ಯಯಿಸಿದುದು ಈ ಕಾರ್ಯಕ್ಕೆ. ಲೋಕವು ಅವರನ್ನು ನೆನೆಯುವುದಾದರೋ ಮತ್ತೊಂದು ಕಾರ್ಯಕ್ಕಾಗಿ.

ಆ ಮತ್ತೊಂದರ ಸ್ವರೂಪವನ್ನು ಸ್ವಲ್ಪ ವಿವರಿಸಬೇಕಾಗಿದೆ. ತೇರನ್ನು ಎಳೆಯುವಾಗ ನೂರು ಜನರು ಒಂದೇ ಕೂಗಿಗೆ ಹಗ್ಗ ಜಗ್ಗಿದರೆ ರಥವು ಮುಂದೆ ಸಾಗುತ್ತದೆ. ಅದೇ ನೂರು ಜನರು ತಮತಮಗೆ ತೋರಿದ ಕ್ಷಣದಲ್ಲಿ ಜಗ್ಗುತ್ತಾ ಹೋದರೆ ಬೆವರು ಸುರಿಯುವುದಲ್ಲದೆ ಗಾಲಿಯು ಉರುಳದು. ಹೃದಯದ ಮಾಂಸತಂತುಗಳ ಸ್ಥಿತಿಯೂ ಹೀಗೆಯೇ. ತಾಳ ತಪ್ಪಿ ಒಂದೊಂದೂ ಪ್ರತ್ಯೇಕವಾಗಿ ಅದುರತೊಡಗಿದಾಗ ಹೃದಯವು ಚಲಿಸುತ್ತಿರುವಂತೆ ಕಂಡರೂ ಒಂದು ತೊಟ್ಟು ರಕ್ತವೂ ಮುಂದಕ್ಕೆ ಹೋಗುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಮೆದುಳು ಕೆಡಲಾರಂಭಿಸುತ್ತದೆ. ಪ್ರಬಲವಾದ ವಿದ್ಯುತ್ತನ್ನು ಕ್ಷಣಕಾಲ ಹಾಯಿಸಿದರೆ ಎಲ್ಲ ತಂತುಗಳೂ ಏಕಕಾಲಕ್ಕೆ ಸುಮ್ಮನಾಗುತ್ತವೆ. ಆ ನಿಶ್ಶಬ್ದದಲ್ಲಿ ಹೃದಯದ ಸಹಜವಾದ ಕೂಗುಗಾರನು ಮತ್ತೆ ಕೂಗು ಹಾಕುವನು.

ಈ ತತ್ತ್ವವು ಬೆಕ್ ಅವರ ಸ್ವಂತ ಶೋಧವಲ್ಲವೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. 1899ರಲ್ಲಿಯೇ ಜಿನೀವಾ ನಗರದ ಪ್ರೆವೋ ಮತ್ತು ಬತೆಲ್ಲಿ ಎಂಬವರು ನಾಯಿಗಳಲ್ಲಿ ಇದನ್ನು ಕಂಡಿದ್ದರು. 1930ರ ದಶಕದಲ್ಲಿ ಜಾನ್ಸ್ ಹಾಪ್‌ಕಿನ್ಸಿನಲ್ಲಿ ಕೌವೆನ್‌ಹೋವನ್ ಎಂಬ ವಿದ್ಯುತ್ ಎಂಜಿನಿಯರರೂ ಅವರ ಸಂಗಡಿಗರೂ ಇದನ್ನು ಮುಂದುವರಿಸಿದರು. ವಿದ್ಯುತ್ ತಂತಿಯ ಕೆಲಸಗಾರರು ಆಘಾತದಿಂದ ಸಾಯುತ್ತಿದ್ದುದೇ ಆ ಸಂಶೋಧನೆಗೆ ಕಾರಣ. ಬೆಕ್ ಅವರ ವಿಶ್ವವಿದ್ಯಾಲಯದಲ್ಲಿಯೇ ಕಾರ್ಲ್ ವಿಗರ್ಸ್ ಎಂಬ ಶರೀರಶಾಸ್ತ್ರಜ್ಞರು ಇದೇ ವಿಷಯದಲ್ಲಿ ಶ್ರಮಿಸುತ್ತಿದ್ದರು. ಇದಕ್ಕಾಗಿ ಬಲಿಯಾದ ಮೂಕಪ್ರಾಣಿಗಳನ್ನು ನೆನೆದಾಗ ನಮ್ಮ ನಾಡಿನವರ ಮನಸ್ಸು ಅಳುಕುವುದು ಸ್ವಾಭಾವಿಕ. ನಾವೂ ಆ ಅಳುಕಿಗೆ ಹೊರತಲ್ಲ. ಆದರೆ ಆ ಶೋಧದ ಫಲವನ್ನು ಬೇಡವೆನ್ನುವ ಧೈರ್ಯ ನಮಗಿಲ್ಲ.

ಪ್ರಯೋಗಶಾಲೆಯಲ್ಲಿ ಕಂಡುದನ್ನು ಮನುಷ್ಯನ ತೆರೆದ ಎದೆಯೊಳಗೆ ಮಾಡುವ ಹೊಣೆಯನ್ನು ಹೊತ್ತವರು ಬೆಕ್. ಮೊದಮೊದಲ ಯತ್ನಗಳು ನಿಷ್ಫಲವಾದುವು. 1947ರ ಆ ದಿನ ಬಾಲಕನ ಗುಳಿಬಿದ್ದ ಎದೆಗೂಡನ್ನು ಸರಿಪಡಿಸುವ ಶಸ್ತ್ರಕ್ರಿಯೆಯು ಮುಗಿಯುತ್ತ ಬಂದು ಗಾಯವನ್ನು ಹೊಲಿಯುತ್ತಿದ್ದಾಗ ನಾಡಿಯು ನಿಂತುಹೋಯಿತು. ಬೆಕ್ ಅವರು ಕೂಡಲೇ ಎದೆಯನ್ನು ಪುನಃ ತೆರೆದು ಹೃದಯವನ್ನು ಕೈಯಲ್ಲಿ ಹಿಡಿದು ಹಿಸುಕತೊಡಗಿದರು. ಸುಮಾರು 45 ನಿಮಿಷಗಳ ಕಾಲ ಹೀಗೆ ನಡೆಯಿತು. ಮನುಷ್ಯನ ಮುಷ್ಟಿಯೇ ಅಷ್ಟು ಹೊತ್ತು ಆ ಬಾಲಕನ ಮೆದುಳಿಗೆ ರಕ್ತವನ್ನು ಕಳುಹಿತು. ಸಂಶೋಧನೆಗೆಂದು ಇಟ್ಟಿದ್ದ ವಿದ್ಯುದ್ಯಂತ್ರವನ್ನು ತರಿಸಿದರು. ಮೊದಲ ಆಘಾತಕ್ಕೆ ಹೃದಯವು ಮಣಿಯಲಿಲ್ಲ. ಪ್ರೊಕೇನ್ ಅಮೈಡ್ ಎಂಬ ಔಷಧವನ್ನು ಕೊಟ್ಟು ಮತ್ತೆ ಆಘಾತ ಕೊಟ್ಟರು. ಅದುರು ನಿಂತಿತು, ಬಡಿತವು ಬಂದಿತು. ಬಾಲಕನು ಬುದ್ಧಿಶಕ್ತಿಗೆ ಯಾವ ಊನವೂ ಇಲ್ಲದೆ ಚೇತರಿಸಿಕೊಂಡನು. ಆ ಯಂತ್ರವನ್ನು ನಿರ್ಮಿಸಿದವರು ಜೇಮ್ಸ್ ರ‍್ಯಾಂಡ್ ಎಂಬವರು. ವೈದ್ಯರ ಕೀರ್ತಿಯ ಪ್ರಭೆಯಲ್ಲಿ ಇಂಥವರ ಹೆಸರು ಮರೆಯಾಗುವುದು ಎಲ್ಲ ದೇಶಗಳ ವಾಡಿಕೆ.

ಇಷ್ಟರಿಂದಲೇ ತೃಪ್ತರಾಗಿದ್ದರೆ ಬೆಕ್ ಅವರು ಒಬ್ಬ ಚತುರ ಶಸ್ತ್ರವೈದ್ಯರೆನಿಸಿ ಮುಗಿಯುತ್ತಿದ್ದರು. ಅವರ ವಿಚಾರ ಅದಕ್ಕಿಂತ ಮುಂದೆ ಹೋಯಿತು. ಹಠಾತ್ತಾಗಿ ಕುಸಿದು ಸಾಯುವವರಲ್ಲಿ ಅನೇಕರ ಹೃದಯವು ಸವೆದು ಮುಗಿದುದಲ್ಲ, ಒಂದು ಕ್ಷಣ ತಾಳ ತಪ್ಪಿದುದು ಮಾತ್ರ, ಆದುದರಿಂದ ಆ ಸಾವು ಅಕಾಲಿಕವೂ ಅನಾವಶ್ಯಕವೂ ಆದುದೆಂದು ಅವರು ವಾದಿಸಿದರು. 1955ರಲ್ಲಿ ಹೃದಯಾಘಾತದಿಂದ ಆಸ್ಪತ್ರೆಯಲ್ಲಿಯೇ ಕುಸಿದುಬಿದ್ದ 65 ವರ್ಷದ ವೈದ್ಯರೊಬ್ಬರನ್ನು ಶಸ್ತ್ರಚಿಕಿತ್ಸಾಗೃಹದ ಹೊರಗೇ ಎದೆ ತೆರೆದು ಬದುಕಿಸಿದುದರಿಂದ ಈ ವಾದಕ್ಕೆ ಪ್ರತ್ಯಕ್ಷ ಪ್ರಮಾಣವು ದೊರೆಯಿತು. ಸಾವು ಬಂದಿತೆಂದು ವೈದ್ಯನು ಕೈಚೆಲ್ಲುವ ಕ್ಷಣವೇ ಕೆಲಸ ಮೊದಲಾಗಬೇಕಾದ ಕ್ಷಣವೆಂದು ತೀರ್ಮಾನವಾದ ಮೇಲೆ ಆ ಕೆಲಸವನ್ನು ಬಲ್ಲವರ ಸಂಖ್ಯೆಯು ಹೆಚ್ಚಬೇಕಲ್ಲವೆ? ಬೆಕ್ ಅವರು ಕ್ಲೀವ್‌ಲೆಂಡಿನಲ್ಲಿ ಶಿಕ್ಷಣವರ್ಗಗಳನ್ನು ತೆರೆದು ವೈದ್ಯರಿಗೂ ದಾದಿಯರಿಗೂ ಈ ವಿದ್ಯೆಯನ್ನು ಕಲಿಸಿದರು. ತಾವು ಪಡೆದ ವಿದ್ಯೆಯನ್ನು ಗುಟ್ಟಾಗಿಟ್ಟು ಗಿರಾಕಿಗಳನ್ನು ಹೆಚ್ಚಿಸಿಕೊಳ್ಳುವ ಪಂಡಿತರನ್ನು ಕಂಡಿರುವ ನಮಗೆ ಈ ಔದಾರ್ಯವು ಯಂತ್ರಕ್ಕಿಂತ ಹಿರಿದಾಗಿ ತೋರುತ್ತದೆ.

1952ರಲ್ಲಿ ಅವರಿಗೆ ಹೃದಯ ಹಾಗೂ ರಕ್ತನಾಳಗಳ ಶಸ್ತ್ರವೈದ್ಯದ ಪ್ರಾಧ್ಯಾಪಕ ಪದವಿಯು ದೊರೆಯಿತು. ಅವರ ದೇಶದಲ್ಲಿ ಆ ಹೆಸರಿನ ಪೀಠವು ಅದೇ ಮೊದಲನೆಯದು. ಹೃದಯದ ಸುತ್ತ ರಕ್ತವು ತುಂಬಿ ಅದನ್ನು ಅದುಮಿದಾಗ ಕಾಣುವ ಮೂರು ಲಕ್ಷಣಗಳನ್ನು ಅವರು 1935ರಲ್ಲಿಯೇ ಗುರುತಿಸಿದ್ದರು. ಅಪಧಮನಿಯ ಒತ್ತಡವು ಇಳಿಯುವುದು, ಸಿರೆಗಳ ಒತ್ತಡವು ಏರುವುದು, ಹೃದಯದ ಸದ್ದು ಕ್ಷೀಣವಾಗುವುದು: ಇವು ಇಂದಿಗೂ ಅವರ ಹೆಸರಿನಿಂದಲೇ ಪಾಠವಾಗುತ್ತಿವೆ.

ಕಾಲವು ಅವರ ಮಾರ್ಗವನ್ನು ಬೇಗನೆ ದಾಟಿ ಮುನ್ನಡೆಯಿತು. 1956ರಲ್ಲಿ ಪಾಲ್ ಝೋಲ್ ಅವರು ಎದೆಯನ್ನು ತೆರೆಯದೆ ಹೊರಗಿನಿಂದಲೇ ಆಘಾತ ಕೊಡುವುದನ್ನು ತೋರಿಸಿದರು. 1960ರಲ್ಲಿ ಅದೇ ಕೌವೆನ್‌ಹೋವನ್ ಅವರೂ ಸಂಗಡಿಗರೂ ಅಂಗೈಗಳಿಂದ ಎದೆಯನ್ನು ಒತ್ತುವ ಕ್ರಮವನ್ನು ಪ್ರಕಟಿಸಿದಾಗ, ಕತ್ತಿ ಹಿಡಿಯಲರಿಯದ ಸಾಮಾನ್ಯನೂ ಈ ಕಾರ್ಯಕ್ಕೆ ಅರ್ಹನಾದನು. 1967ರಲ್ಲಿ ಬೆಕ್ ಅವರ ಊರಾದ ಕ್ಲೀವ್‌ಲೆಂಡಿನಲ್ಲಿಯೇ, ಆದರೆ ಬೇರೊಂದು ಆಸ್ಪತ್ರೆಯಲ್ಲಿ, ಫವಲೋರೋ ಎಂಬ ಅರ್ಜೆಂಟೀನಾದ ವೈದ್ಯರು ಕಾಲಿನ ಸಿರೆಯನ್ನು ತೆಗೆದು ಹೃದಯದ ಅಡ್ಡಿಯಾದ ಧಮನಿಗೆ ಬಳಸುದಾರಿಯನ್ನು ಕಟ್ಟಿದರು. ಬೆಕ್ ಅವರು ಮೂರು ದಶಕ ಅರಸಿದ ರಕ್ತಮಾರ್ಗವು ಇನ್ನೊಬ್ಬರಿಗೆ ಒಲಿಯಿತು. ಮರುವರ್ಷ ಡ್ಯೂಕ್ ವಿಶ್ವವಿದ್ಯಾಲಯದ ವಿಲ್ ಸೀಲಿ ಅವರು ಹೃದಯದಲ್ಲಿ ಹುಟ್ಟಿನಿಂದಲೇ ಇದ್ದ ಹೆಚ್ಚುವರಿ ವಿದ್ಯುನ್ಮಾರ್ಗವನ್ನು ಕತ್ತರಿಸಿ ತಾಳದೋಷವನ್ನು ಶಸ್ತ್ರದಿಂದಲೇ ಗುಣಪಡಿಸಿದರು.

ಬೆಕ್ ಮಹಾಶಯರು 1971ರ ಅಕ್ಟೋಬರಿನಲ್ಲಿ ಮೆದುಳಿನ ಆಘಾತದಿಂದ ನಿಧನರಾದರು. ಅವರು ಗತಿಸಿ ಒಂಬತ್ತು ವರ್ಷಗಳಾಗುವ ಮೊದಲೇ, 1980ರ ಫೆಬ್ರವರಿಯಲ್ಲಿ, ಅವರು ಓದಿದ ಜಾನ್ಸ್ ಹಾಪ್‌ಕಿನ್ಸಿನಲ್ಲಿ ಮಿಶೆಲ್ ಮಿರೋವ್‌ಸ್ಕಿ ಅವರ ತಂಡವು ತಾನಾಗಿಯೇ ತಾಳದೋಷವನ್ನರಿತು ಆಘಾತ ಕೊಡುವ ಸಣ್ಣ ಯಂತ್ರವನ್ನು ರೋಗಿಯ ದೇಹದೊಳಗೇ ಹುದುಗಿಸಿತು. ಬೆಕ್ ಅವರ ಹಳೆಯ ಯಂತ್ರವಾದರೋ ಕ್ಲೀವ್‌ಲೆಂಡಿನ ಡಿಟ್ರಿಕ್ ವೈದ್ಯಕೀಯ ಸಂಗ್ರಹಾಲಯವನ್ನು ಸೇರಿದೆ.