ರೈತನ ಲೆಕ್ಕ ಕೇಳಿದ ನ್ಯಾಯಮೂರ್ತಿ ರಾನಡೆಯವರು



ಸಂಘದ ಬೆಳ್ಳಿ ಹಬ್ಬದ ಈ ಸಂದರ್ಭದಲ್ಲಿ ಒಬ್ಬ ಹಿರಿಯರನ್ನು ನೆನೆಯುವುದು ನಮ್ಮ ಕರ್ತವ್ಯ. ಅವರು ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯವರಲ್ಲ. ಆದರೆ ಅಜ್ಜ-ಮುತ್ತಜ್ಜರ ಕಾಲಕ್ಕೆ ಈ ಊರುಗಳೆಲ್ಲ ಧಾರವಾಡ ಜಿಲ್ಲೆಯೊಳಗೆ, ಮುಂಬೈ ಇಲಾಖೆಯಲ್ಲಿದ್ದವು. ಆ ಇಲಾಖೆಯಲ್ಲಿ ನ್ಯಾಯಾಧೀಶರಾಗಿದ್ದವರು ಮಹಾದೇವ ಗೋವಿಂದ ರಾನಡೆಯವರು.

ಅವರು ಹುಟ್ಟಿದ್ದು 1842ರ ಜನವರಿ 18ರಂದು, ನಾಸಿಕ ಜಿಲ್ಲೆಯ ನಿಫಾಡದಲ್ಲಿ. ಕೊಲ್ಹಾಪುರ, ಮುಂಬೈಗಳಲ್ಲಿ ಓದಿ, 1871ರಲ್ಲಿ ಪುಣೆಯಲ್ಲಿ ನ್ಯಾಯಾಧೀಶರಾದರು. ಅಲ್ಲಿಯ ಸಾರ್ವಜನಿಕ ಸಭೆಯ ಮೂಲಕ ರೈತರ ಕಷ್ಟವನ್ನು ಸರಕಾರದ ಮುಂದಿಡಲು ದುಡಿದರು.

ಆಗಿನ ರೈತನ ಸ್ಥಿತಿ ಏನಿತ್ತು? ಸಾವಕಾರ ಬರೆದಿದ್ದೇ ಲೆಕ್ಕ. ರೈತ ಹೆಬ್ಬೆಟ್ಟು ಒತ್ತಿ ಬರುತ್ತಿದ್ದ. ಬಡ್ಡಿ ಅಸಲಿಗೆ ಸೇರಿ ಹೊಸ ಕಾಗದವಾಗುತ್ತಿತ್ತು. ಕೋರ್ಟಿನಿಂದ ಸಮನ್ಸು ಬಂದರೆ ಅಂಜಿ ಮನೆಯಲ್ಲೇ ಕುಳಿತುಬಿಡುತ್ತಿದ್ದ. ಎದುರು ಹೇಳುವವರಿಲ್ಲದೆ ದಾವೆಗಳು ಏಕತರ್ಫಿಯಾಗಿ ತೀರ್ಮಾನವಾಗುತ್ತಿದ್ದವು. ಹೊಲ ಜಪ್ತಿ, ಇಲ್ಲವೆ ಜೇಲು. 1875ರಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಿಟ್ಟಿಗೆದ್ದು ಸಾಲದ ಕಾಗದಗಳನ್ನೇ ಸುಟ್ಟರು. ದಂಗೆ ಹಲವು ಹಳ್ಳಿಗೆ ಹಬ್ಬಿತು.

ಆಮೇಲೆ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರ, ಈ ನಾಲ್ಕೇ ಜಿಲ್ಲೆಗೆ. ನ್ಯಾಯಾಧೀಶರು ಬರೀ ಕಾಗದ ನೋಡಿದರೆ ಸಾಲದು, ಮೊದಲಿನಿಂದ ಕೊಟ್ಟು-ತೆಗೆದುಕೊಂಡದ್ದನ್ನೆಲ್ಲ ವಿಚಾರಿಸಬೇಕು ಎಂದಾಯಿತು. ಅಸಲು ಬೇರೆ, ಬಡ್ಡಿ ಬೇರೆ ಲೆಕ್ಕ. ಚಕ್ರಬಡ್ಡಿಗೆ ತಡೆ ಬಿತ್ತು. ಕಂತು ಹಾಕಿಕೊಡುವ ಅಧಿಕಾರ ಕೋರ್ಟಿಗೆ ಬಂತು. ಸಾಲದ ಹುಕುಂನಾಮೆಗೆ ರೈತನನ್ನು ಜೇಲಿಗೆ ಹಾಕುವುದು ನಿಂತಿತು. ಹಣ ಮುಟ್ಟಿದ್ದಕ್ಕೆ ಪಾವತಿ ಕೊಡಬೇಕಾಯಿತು.

ಕಾಯ್ದೆ ಬರೆದವರು ರಾನಡೆಯವರಲ್ಲ. ಅದನ್ನು ಹಳ್ಳಿಯವನಿಗೆ ಮುಟ್ಟಿಸುವ ಕೆಲಸ ಅವರ ಪಾಲಿಗೆ ಬಂತು. 1887ರಲ್ಲಿ ಅವರು ಈ ಕಾಯ್ದೆಯ ಸ್ಪೆಷಲ್ ಜಡ್ಜರಾದರು. ಕೆಳಗಿನ ಕೋರ್ಟುಗಳ ಕಾಗದ ತರಿಸಿ ನೋಡಿ, ತಪ್ಪಿದ್ದರೆ ತಿದ್ದುವುದು ಆ ಹುದ್ದೆಯ ಕೆಲಸ. ಅಪೀಲಿಗೆ ಅವಕಾಶವಿಲ್ಲದ ಚಿಕ್ಕ ದಾವೆಗೂ ಹೀಗೆ ಒಬ್ಬ ಕೇಳುವವರು ಸಿಕ್ಕಂತಾಯಿತು. ಕಾಯ್ದೆಯೊಂದೇ ಸಾಲದು, ನ್ಯಾಯದ ಬಡ್ಡಿಗೆ ಸಾಲ ಸಿಗುವ ವ್ಯವಸ್ಥೆ ಬೇಕು ಎಂಬುದು ಅವರ ವಿಚಾರವಾಗಿತ್ತು. 1893ರಲ್ಲಿ ಮುಂಬೈ ಹೈಕೋರ್ಟಿಗೆ ಹೋದರು. 1901ರ ಜನವರಿ 16ರಂದು ತೀರಿಕೊಂಡರು.

1905ರಲ್ಲಿ ಆ ಕಾಯ್ದೆ ನಮ್ಮ ಧಾರವಾಡ ಜಿಲ್ಲೆಗೂ ಬಂತು. ಅದೇ ವರ್ಷ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ರಾನಡೆಯವರು ಬಯಸಿದ್ದು ಅವರ ಕಣ್ಣು ಮುಚ್ಚಿದ ಮೇಲೆ ನಮ್ಮ ನೆಲದಲ್ಲೇ ಮೊಳೆಯಿತು.

ನಮ್ಮ ಮನೆಯದೇ ಒಂದು ಮಾತು. ನಮ್ಮ ತಂದೆಯವರು ಒಬ್ಬರಲ್ಲಿ ತಂದ ಕೈಗಡದ ಬಹುಭಾಗ ಮುಟ್ಟಿಸಿದ್ದರು, ಪಾವತಿ ಮಾತ್ರ ಇಸಗೊಂಡಿರಲಿಲ್ಲ. ಸಮನ್ಸು ಬಂದಾಗ ಮೆಣಸಿನಕಾಯಿ ಬಿಡಿಸುವ ಗಡಿಬಿಡಿ. ಆಮೇಲೆ ಹೋದರಾಯಿತು ಅಂದರು. ಏಕತರ್ಫಿ ಆಯಿತು, ಎರಡೆಕರೆ ಹೊಲ ಹೋಯಿತು. ತಾಯಿಯವರು ಆ ಹೊಲದ ಹಾದಿಯನ್ನೇ ಬಿಟ್ಟರು.

ಆದ್ದರಿಂದ ಸದಸ್ಯರಲ್ಲಿ ವಿನಂತಿ. ಬಾಕಿ ವಸೂಲಿಗೆ ಸಹಕಾರಿ ಕಾಯ್ದೆಯ 70ನೇ ಕಲಮಿನಂತೆ ದಾವೆ ಹಾಕುವ ಠರಾವಿಗೆ ಸಹಿ ಮಾಡುವವರಲ್ಲಿ ನಾವೂ ಒಬ್ಬರು. ಆದರೂ ಹೇಳುತ್ತೇವೆ: ನೋಟೀಸು ಬಂದರೆ ಮುಚ್ಚಿಡಬೇಡಿರಿ. ವಾಯಿದೆಗೆ ಹಾಜರಾಗಿರಿ. ಖಾತೆಯ ಉತಾರೆ ಕೇಳಿರಿ, ಪಾವತಿ ತೋರಿಸಿರಿ, ಕಂತು ಬೇಡಿರಿ. ಸಿವಿಲ್ ಕೋರ್ಟಿನ ಸಮನ್ಸಾದರೆ 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ವಕೀಲರಿಗೆ ದುಡ್ಡಿಲ್ಲದವರು ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿರಿ. ತಂದ ಸಾಲ ತೀರಿಸುವುದು ಧರ್ಮ. ಲೆಕ್ಕ ಕೇಳುವುದು ಹಕ್ಕು. ಎರಡೂ ಇದ್ದರೆ ಸಂಘವೂ ಉಳಿದೀತು, ಹೊಲವೂ ಉಳಿದೀತು.