ಉತ್ತರದ ಮಂದಿ ಕಟ್ಟಿದ ರಾಜ್ಯವನ್ನು ಉತ್ತರದವರೇ ಯಾಕೆ ಒಡೆಯಬೇಕು?

ಬಜೆಟ್ ಮಂಡನೆ ಆದ ಮರುದಿನ, ಮಹದಾಯಿ ಯೋಜನೆ ಮತ್ತೆ ಮುಂದಕ್ಕೆ ಹೋದಾಗ, ಬೆಳಗಾವಿ ಅಧಿವೇಶನ ಬರೀ ಗದ್ದಲದಲ್ಲಿ ಮುಗಿದಾಗ ಪ್ರತ್ಯೇಕ ಉತ್ತರ ಕರ್ನಾಟಕದ ಮಾತು ಎದ್ದೇ ಏಳುತ್ತೆ. ಉಮೇಶ ಕತ್ತಿಯವರು ಮಂತ್ರಿಯಾಗಿದ್ದಾಗಲೂ ಈ ಮಾತು ಬಿಟ್ಟಿರಲಿಲ್ಲ. 2018ರ ಬಜೆಟ್ ಆದಮೇಲೆ ಆಗಸ್ಟ್ 2ಕ್ಕೆ ಬಂದ್ ಮಾಡೋಣ ಅಂತ ಕರೆಯೂ ಬಂದಿತ್ತು. ನವಲಗುಂದ, ಅಣ್ಣಿಗೇರಿ ಕಡೆಯ ಹುಡುಗರಿಗೆ ಇದು ಸರಿ ಅನ್ನಿಸಿದರೆ ಆಶ್ಚರ್ಯ ಇಲ್ಲ. ಸಿಟ್ಟು ಖರೆ, ಅದಕ್ಕೆ ಕಾರಣಾನೂ ಅದಾವ. ಆದರೆ ಆ ಸಿಟ್ಟಿಗೆ ಉತ್ತರ ಹುಡುಕೋ ಮೊದಲು ಧಾರವಾಡದ ಒಬ್ಬ ಮನುಷ್ಯನ ಬದುಕು ಓದಬೇಕು. ಪ್ರತಿ ನವೆಂಬರ್ 1ಕ್ಕೆ ಆಲೂರು ವೆಂಕಟರಾಯರ ಫೋಟೋಕ್ಕೆ ಮಾಲೆ ಹಾಕ್ತೀವಿ. ಅವರು ಏನು ಮಾಡಿದರು, ಯಾಕೆ ಮಾಡಿದರು ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ.

ಆಲೂರರು ಹುಟ್ಟಿದ್ದು 1880ರ ಜುಲೈ 12ರಂದು, ವಿಜಯಪುರದಲ್ಲಿ. ಧಾರವಾಡದಲ್ಲಿ ಓದಿ, ಪುಣೆಯ ಫರ್ಗ್ಯುಸನ್ ಕಾಲೇಜು ಸೇರಿದರು, ಆಮೇಲೆ ಮುಂಬೈಯಲ್ಲಿ ಕಾನೂನು ಪದವಿ ಪಡೆದರು. ಕರಿಕೋಟು ಹಾಕಿಕೊಂಡು ಕೂತಿದ್ದರೆ ಬದುಕು ಆರಾಮಾಗಿ ನಡೀತಿತ್ತು. ಆದರೆ ಪುಣೆಯಲ್ಲಿ ಅವರು ತಿಲಕರ ರಾಜಕಾರಣ ನೋಡಿದ್ದರು. ಮರಾಠಿಗರಿಗೆ ತಮ್ಮ ಭಾಷೆ, ಇತಿಹಾಸದ ಬಗ್ಗೆ ಇದ್ದ ಅಭಿಮಾನ ನೋಡಿದ್ದರು. 1905ರಲ್ಲಿ ಬ್ರಿಟಿಷರು ಬಂಗಾಳವನ್ನು ಒಡೆದಾಗ ಅಲ್ಲಿನ ಜನ ಬೀದಿಗೆ ಇಳಿದದ್ದೂ ಅವರ ಕಣ್ಣಮುಂದೆ ಇತ್ತು. ಬಂಗಾಳವನ್ನು ಒಡೆದಾಗ ಇಷ್ಟು ನೋವಾಗುತ್ತೆ ಅಂದರೆ, ಮೊದಲೇ ಚೂರುಚೂರಾಗಿರೋ ಕನ್ನಡಿಗರಿಗೆ ಯಾಕೆ ನೋವಿಲ್ಲ ಅನ್ನೋ ಪ್ರಶ್ನೆ ಅವರನ್ನು ಬಿಡಲಿಲ್ಲ.

ಆ ಚೂರುಗಳನ್ನು ಕಾಣೋಕೆ ದೂರ ಹೋಗಬೇಕಿರಲಿಲ್ಲ. ಧಾರವಾಡ, ನವಲಗುಂದ ಮುಂಬೈ ಪ್ರಾಂತ್ಯದಲ್ಲಿದ್ದವು. ಹುಬ್ಬಳ್ಳಿಗೆ ಹತ್ತಿರದ ಕುಂದಗೋಳ ಜಮಖಂಡಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮಿರಜದ್ದು, ಶಿರಹಟ್ಟಿ ಸಾಂಗಲಿಯದ್ದು, ಸವಣೂರಿಗೆ ನವಾಬ. ಬಳ್ಳಾರಿ ಮದ್ರಾಸಿಗೆ, ರಾಯಚೂರು-ಕಲಬುರಗಿ ನಿಜಾಮನಿಗೆ. ಎತ್ತಿನ ಗಾಡಿಯಲ್ಲಿ ಒಂದು ದಿನ ಹೋದರೆ ಸರ್ಕಾರವೇ ಬದಲಾಗ್ತಿತ್ತು. ಎಲ್ಲ ಕಡೆ ಕನ್ನಡಿಗರಿದ್ದರು, ಎಲ್ಲ ಕಡೆಯೂ ಅವರು ಯಾವುದೋ ದೊಡ್ಡ ರಾಜಧಾನಿಯ ಕೊನೆಯ ಮೂಲೆಯ ಜನ.

ಆಲೂರರು ವಕೀಲಿ ಬಿಟ್ಟರು. ಕರ್ನಾಟಕ ವಿದ್ಯಾವರ್ಧಕ ಸಂಘದ ‘ವಾಗ್ಭೂಷಣ’ ಪತ್ರಿಕೆ ನೋಡಿಕೊಂಡರು. ಬೇರೆ ಬೇರೆ ಆಡಳಿತದಲ್ಲಿದ್ದ ಕನ್ನಡ ಬರಹಗಾರರನ್ನು ಧಾರವಾಡದಲ್ಲಿ ಸೇರಿಸಿದರು. 1917ರಲ್ಲಿ ‘ಕರ್ನಾಟಕ ಗತವೈಭವ’ ಬಂತು. ಕದಂಬ, ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರ ಅಂತ ಬಿಡಿಬಿಡಿಯಾಗಿ ಕೇಳಿದ್ದ ಹೆಸರುಗಳು ಒಂದೇ ನಾಡಿನ ಕಥೆಯಾಗಿ ಮೊದಲ ಸಲ ಸಾಮಾನ್ಯ ಓದುಗರ ಕೈ ಸೇರಿದವು. 1922ರಲ್ಲಿ ‘ಜಯ ಕರ್ನಾಟಕ’ ಪತ್ರಿಕೆ ಶುರುವಾಯಿತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಅದೇ ಊರಲ್ಲಿ ಏಕೀಕರಣದ ಸಭೆಯೂ ನಡೆಯಿತು.

ಇಲ್ಲೊಂದು ವಿಷಯ ಗಮನಿಸಿ. ಆಲೂರರ ಕರ್ನಾಟಕತ್ವ ಭಾರತದಿಂದ ಬೇರೆ ಆಗೋ ದಾರಿ ಆಗಿರಲಿಲ್ಲ. ಅವರ ಕಾಲದಲ್ಲೇ ಪಕ್ಕದ ಮದ್ರಾಸಿನಲ್ಲಿ ದ್ರಾವಿಡ ನಾಡಿನ ಕೂಗು ಎದ್ದಿತ್ತು. 1963ರಲ್ಲಿ ಡಿಎಂಕೆ ಕೂಡ ಅದನ್ನು ಕೈಬಿಟ್ಟಿತು. ಆಲೂರರು ಆ ಕಡೆ ತಿರುಗಿಯೂ ನೋಡಲಿಲ್ಲ. ಗಟ್ಟಿ ಕರ್ನಾಟಕ ಇಲ್ಲದೆ ಗಟ್ಟಿ ಭಾರತ ಇಲ್ಲ ಅನ್ನೋದು ಅವರ ವಾದ. ಕೇಂದ್ರದ ಎದುರು ಮಾತಾಡೋಕೆ ಶಕ್ತಿ ಬೇಕು ಅಂದರೆ ಮೊದಲು ಕನ್ನಡಿಗರು ಒಂದಾಗಬೇಕು, ಅಷ್ಟೇ ಸರಳ ಲೆಕ್ಕ.

ಈ ಲೆಕ್ಕವನ್ನು ಎಲ್ಲರೂ ಒಪ್ಪಲಿಲ್ಲ. ಹಳೇ ಮೈಸೂರಿನ ಹಲವು ನಾಯಕರಿಗೆ ಏಕೀಕರಣ ಬೇಕಾಗಿರಲಿಲ್ಲ. ಹಿಂದುಳಿದ ಉತ್ತರದ ಭಾರವನ್ನು ತಮ್ಮ ಖಜಾನೆ ಯಾಕೆ ಹೊರಬೇಕು ಅನ್ನೋದು ಅವರ ತಕರಾರು. ಕೆಂಗಲ್ ಹನುಮಂತಯ್ಯನವರು ಅಂಥವರ ವಿರೋಧ ಕಟ್ಟಿಕೊಂಡೇ ಏಕೀಕರಣದ ಪರ ನಿಂತರು. ಒತ್ತಡ ಹೆಚ್ಚು ಬಂದಿದ್ದು ನಮ್ಮ ಕಡೆಯಿಂದ. 1953ರಲ್ಲಿ ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಮೂರು ವಾರ ದಾಟಿದರೂ ಉಪವಾಸ ಬಿಡಲಿಲ್ಲ. ಹುಬ್ಬಳ್ಳಿಯಲ್ಲಿ ಜನ ಕಾಂಗ್ರೆಸ್ ನಾಯಕರ ಮೇಲೆ ತಿರುಗಿಬಿದ್ದರು. ಕೊನೆಗೆ 1956ರ ನವೆಂಬರ್ 1ಕ್ಕೆ ರಾಜ್ಯ ಬಂತು. ಎಪ್ಪತ್ತಾರರ ಆಲೂರರು ಅವತ್ತು ಹಂಪಿಗೆ ಹೋಗಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು.

ಅಂದರೆ ಈ ರಾಜ್ಯ ಬೆಂಗಳೂರಿನವರು ನಮಗೆ ಕೊಟ್ಟ ದಾನ ಅಲ್ಲ. ನಾವು ಕೇಳಿ, ಜಗಳಾಡಿ ಕಟ್ಟಿದ್ದು. ಉತ್ತರ ಬೇರೆ ಆಗಲಿ ಅಂತ ಇವತ್ತು ನಾವೇ ಹೇಳಿದರೆ, ಅವತ್ತು ನಮ್ಮನ್ನು ಭಾರ ಅಂದವರ ವಾದವನ್ನೇ ಗೆಲ್ಲಿಸಿದಂಗ ಆಗ್ತದ.

ಆಲೂರರಲ್ಲಿ ಕೊರತೆ ಇರಲಿಲ್ಲ ಅಂತಲ್ಲ. ಅವರ ಗತವೈಭವ ರಾಜರ ವೈಭವ. ಗೇಣಿ ಕೊಟ್ಟು ಸೋತ ರೈತ, ಊರ ಹೊರಗಿನ ಕೇರಿಯ ಮನುಷ್ಯ ಅದರಲ್ಲಿ ಕಾಣಲ್ಲ. ಆ ಪುಟವನ್ನು ಬರೆದವರು ನವಲಗುಂದದ ಮಂದಿ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. ಆ ಸಿಟ್ಟು ಮಲಪ್ರಭೆಯ ದಂಡೆಯಲ್ಲೇ ಉಳಿಯಲಿಲ್ಲ. ಅದೇ ವರ್ಷ ಶಿವಮೊಗ್ಗದಲ್ಲಿ ರಾಜ್ಯ ರೈತ ಸಂಘ ಹುಟ್ಟಿತು. 1983ರಲ್ಲಿ ಗುಂಡೂರಾವ್ ಸರ್ಕಾರ ಬಿತ್ತು. ನವಲಗುಂದದ ರೈತನ ಸಾವಿಗೆ ತುಂಗಾ, ಕಾವೇರಿ ದಂಡೆಯ ರೈತರು ದನಿಗೂಡಿಸಿದರು. ರಾಜ್ಯ ಒಂದೇ ಆಗಿದ್ದಕ್ಕೇ ಆ ದನಿ ವಿಧಾನಸೌಧವನ್ನು ನಡುಗಿಸಿತು.

ಈಗ ಮಹದಾಯಿ ನೋಡಿ. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು, ಅದರಲ್ಲಿ ಕಳಸಾ-ಬಂಡೂರಿ ಮೂಲಕ ಮಲಪ್ರಭೆಗೆ ಬರಬೇಕಾದ್ದು 3.9 ಟಿಎಂಸಿ. ತಡೆದಿರೋದು ಗೋವಾದ ತಕರಾರು ಮತ್ತು ಕೇಂದ್ರದ ಅನುಮತಿಗಳು. ನಾವು ಬೇರೆ ರಾಜ್ಯ ಆದ ಮಾತ್ರಕ್ಕೆ ಆ ಎರಡೂ ಕರಗಲ್ಲ. ಬದಲಿಗೆ 28 ಸಂಸದರ ರಾಜ್ಯ ಹೋಗಿ 12 ಸಂಸದರ ರಾಜ್ಯ ದೆಹಲಿ ಬಾಗಿಲು ತಟ್ಟುತ್ತೆ. ತುಂಗಭದ್ರಾ ನೀರಿಗೆ ಹೊಸದೊಂದು ಗಡಿ ಜಗಳ ಶುರುವಾಗುತ್ತೆ. ತೆಲಂಗಾಣ ಬೇರೆಯಾಗಿ ಹತ್ತು ವರ್ಷ ದಾಟಿದರೂ ಆಂಧ್ರದ ಜೊತೆ ಕೃಷ್ಣಾ ನೀರಿನ ಜಗಳ ಮುಗಿದಿಲ್ಲ. ಅವರಿಗಾದರೂ ಹೈದರಾಬಾದ್ ಸಿಕ್ಕಿತು, ನಮಗೆ ಬೆಂಗಳೂರು ಸಿಗಲ್ಲ. ಕಲಘಟಗಿ, ಕುಂದಗೋಳದ ಹುಡುಗರು ಅಲ್ಲಿ ದುಡಿದು ಕಟ್ಟೋ ತೆರಿಗೆ ಮೇಲೆ ನಮ್ಮೂರ ಶಾಲೆಗೆ ಇವತ್ತು ಹಕ್ಕಿದೆ. ರಾಜ್ಯ ಒಡೆದ ದಿನ ಆ ಹಕ್ಕೂ ಹೋಯಿತು.

ಹಾಗಾದರೆ ಅನ್ಯಾಯ ಆಗಿಲ್ಲವಾ? ಆಗಿದೆ. 2002ರ ನಂಜುಂಡಪ್ಪ ವರದಿ ಲೆಕ್ಕ ಹಾಕಿಯೇ ತೋರಿಸಿತು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 26 ಉತ್ತರದವು. ಆದರೆ ಒಟ್ಟು ಹಿಂದುಳಿದ 114ರಲ್ಲಿ 59 ಉತ್ತರದವಾದರೆ 55 ದಕ್ಷಿಣದವು. ಅಂದರೆ ಪಾವಗಡದವನೂ ನಮ್ಮ ಜೊತೆ ನಿಲ್ಲಬೇಕಾದ ಮನುಷ್ಯ, ಅವನ ಮತ್ತು ನಮ್ಮ ನಡುವೆ ಗಡಿ ಎಳೆದರೆ ಇಬ್ಬರಿಗೂ ನಷ್ಟ. ಈ ರಾಜ್ಯದೊಳಗಿದ್ದೇ ಹೋರಾಡಿ ಗೆದ್ದ ಉದಾಹರಣೆಗಳೂ ಇವೆ: 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಧಾರವಾಡದ ಹೈಕೋರ್ಟ್ ಪೀಠ, ಕಲ್ಯಾಣ ಕರ್ನಾಟಕಕ್ಕೆ ಸಿಕ್ಕ 371(ಜೆ). ಮುಂದಿನ ಬೇಡಿಕೆಗಳು ಹಿಂಗೇ ಇರಲಿ. ಸುವರ್ಣಸೌಧಕ್ಕೆ ಅಧಿಕಾರ ಇರೋ ಇಲಾಖೆಗಳು ಬರಲಿ. ತಾಲ್ಲೂಕುವಾರು ಖರ್ಚಿನ ಲೆಕ್ಕ ಪ್ರತಿ ವರ್ಷ ಸದನದ ಮುಂದೆ ಬರಲಿ. ಮತ ಕೇಳೋಕೆ ಬಂದ ಶಾಸಕರಿಗೆ ಪ್ರತ್ಯೇಕ ರಾಜ್ಯದ ಭಾಷಣ ಬಿಟ್ಟು ಈ ಲೆಕ್ಕ ಕೊಡಿ ಅಂತ ಕೇಳ್ರಿ.

ಆಲೂರರು 1964ರ ಫೆಬ್ರವರಿ 25ರಂದು ತೀರಿಕೊಂಡರು. ಆಗಿನ್ನೂ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಅನ್ನೋ ಹೆಸರು ಬಂದಿದ್ದು 1973ರಲ್ಲಿ. ಬದುಕೆಲ್ಲ ಸವೆಸಿ ಕಟ್ಟಿದ ರಾಜ್ಯಕ್ಕೆ ತಾವು ಬಯಸಿದ ಹೆಸರನ್ನೂ ಅವರು ನೋಡಲಿಲ್ಲ. ಆದರೂ ಅರ್ಧ ಕೆಲಸ ಆಗಿದೆ ಅಂತ ಅದನ್ನು ಬಿಟ್ಟು ಹೋಗೋ ಮಾತು ಅವರು ಆಡಲಿಲ್ಲ. ಉಳಿದ ಅರ್ಧ ನಮ್ಮ ಪಾಲಿನ ಕೆಲಸ.