ಇಂಗ್ಲಿಷ್ ಮೇಷ್ಟರು ಬಿ.ಎಂ.ಶ್ರೀ. ಮತ್ತು ನಮ್ಮ ಶಾಲೆಗಳು

ದೈವೀ ಬೆಳಕಿನ ಆಸರೆಯನ್ನು ಬೇಡುವ ಗೀತೆಯೊಂದನ್ನು ನಮ್ಮ ಕ್ರೈಸ್ತ ಕುಟುಂಬಗಳು ತಲೆಮಾರುಗಳಿಂದ ಹಾಡುತ್ತ ಬಂದಿವೆ. ಮೂಲವು ಇಂಗ್ಲಿಷಿನದು. 1833ರಲ್ಲಿ, ಇನ್ನೂ ಆಂಗ್ಲಿಕನ್ ಸಭೆಯಲ್ಲಿದ್ದಾಗ, ಸಮುದ್ರಯಾನದ ನಡುವೆ ಅದನ್ನು ಬರೆದವರು ಜಾನ್ ಹೆನ್ರಿ ನ್ಯೂಮನ್. 1845ರಲ್ಲಿ ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು, 1879ರಲ್ಲಿ ಕಾರ್ಡಿನಲ್ ಆದರು, 2019ರಲ್ಲಿ ಸಂತರೆಂದು ಘೋಷಿತರಾದರು. ಆದರೆ ಅದನ್ನು ಕನ್ನಡದ್ದೇ ಹಾಡೆಂಬಂತೆ ನಮ್ಮ ನಾಲಿಗೆಗೆ ತಂದುಕೊಟ್ಟವರು ಕ್ರೈಸ್ತರಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ.ಶ್ರೀಕಂಠಯ್ಯನವರು. ಅವರ ಹೆಸರಿನ ಮೊದಲಕ್ಷರ ನಮ್ಮ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಬೆಳ್ಳೂರನ್ನು ಸೂಚಿಸುತ್ತದೆಂಬುದು ಮಂಡ್ಯದವರಲ್ಲೇ ಎಷ್ಟು ಮಂದಿಗೆ ಗೊತ್ತು?

ಶ್ರೀಕಂಠಯ್ಯನವರು ಹುಟ್ಟಿದ್ದು 1884ರ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದುದರಿಂದ ಬಾಲ್ಯವೆಲ್ಲ ಕಾವೇರಿಯ ದಡದಲ್ಲೇ ಕಳೆಯಿತು. ಮುಂದೆ ಮೈಸೂರು, ಬೆಂಗಳೂರುಗಳ ಕಾಲೇಜುಗಳಲ್ಲಿ ಓದಿ, ಆಗಿನ್ನೂ ಮೈಸೂರಿಗೆ ತನ್ನದೇ ವಿಶ್ವವಿದ್ಯಾನಿಲಯವಿಲ್ಲದ ಕಾರಣ ಮದರಾಸು ವಿಶ್ವವಿದ್ಯಾನಿಲಯದಿಂದ ಎಂ.ಎ. ಪದವಿ ಪಡೆದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು.

ಅಂದಿನ ಸ್ಥಿತಿಯನ್ನು ನಾವು ಮನಸ್ಸಿಗೆ ತಂದುಕೊಳ್ಳಬೇಕು. ಸರ್ಕಾರಿ ಕೆಲಸಕ್ಕೂ ಸಭ್ಯರ ಸಂಭಾಷಣೆಗೂ ಇಂಗ್ಲಿಷೇ ಬೇಕಿತ್ತು. ಕನ್ನಡವೆಂದರೆ ಮನೆಯ ಒಳಗಿನ ಮಾತು. ವಿದ್ಯಾವಂತನಿಗೆ ಅದರಲ್ಲಿ ಬರೆಯುವುದೆಂದರೆ ಸಂಕೋಚ. ಇಂಗ್ಲಿಷಿನಿಂದಲೇ ಅನ್ನ ಉಣ್ಣುತ್ತಿದ್ದ ಈ ಅಧ್ಯಾಪಕರು ಆ ಸಂಕೋಚವನ್ನು ಬಿಟ್ಟರು. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡವು ಮತ್ತೆ ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ಇಂಗ್ಲಿಷನ್ನು ದೂರವಿಡಿರೆಂದು ಅವರು ಹೇಳಲಿಲ್ಲ. ಅಲ್ಲಿಯ ಸತ್ವವನ್ನು ಕನ್ನಡಕ್ಕೆ ತನ್ನಿ, ಜನರಿಗೆ ತಿಳಿಯುವ ಕನ್ನಡದಲ್ಲಿ ಬರೆಯಿರಿ ಎಂಬುದು ಅವರ ನಿಲುವಾಗಿತ್ತು.

ಹೇಳಿದ್ದನ್ನು ತಾವೇ ಮಾಡಿದರು. 1920ರ ದಶಕದಲ್ಲಿ ಹೊರಬಂದ ‘ಇಂಗ್ಲಿಷ್ ಗೀತಗಳು’ ಸಂಗ್ರಹದಲ್ಲಿ ಬರ್ನ್ಸ್, ವರ್ಡ್ಸ್‌ವರ್ತ್, ಷೆಲ್ಲಿ ಮೊದಲಾದವರ ಸುಮಾರು ಅರವತ್ತು ಕವನಗಳು ಕನ್ನಡವಾದವು. ನ್ಯೂಮನ್ನರ ಪ್ರಾರ್ಥನೆಯೂ ಅವುಗಳಲ್ಲೊಂದು. ಹಳೆಯ ಪ್ರಾಸದ ಕಟ್ಟನ್ನು ಸಡಿಲಿಸಿ, ಮಾತ್ರೆಗಳ ಲೆಕ್ಕದಲ್ಲಿ ಹೊಸ ನಡೆಗಳನ್ನು ಕಂಡುಕೊಂಡು, ಪರಭಾಷೆಯ ಭಾವವು ನಮ್ಮ ತಾಳಕ್ಕೆ ಕುಣಿಯುವಂತೆ ಮಾಡಿದರು. ಹೊಸಗನ್ನಡ ಕವಿಗಳು ಅದನ್ನು ಮುಂದಿಟ್ಟುಕೊಂಡೇ ಬರೆಯಲು ಕಲಿತರು. ಇಂಗ್ಲಿಷ್ ಕಾವ್ಯಕ್ಕೆ ಹೆದರುತ್ತಿದ್ದ ವಿದ್ಯಾರ್ಥಿಗೂ ಈ ಪುಸ್ತಕ ಒಂದು ಸೇತುವೆಯಾಗಿರಬೇಕೆಂದು ನಾವು ಭಾವಿಸುತ್ತೇವೆ.

ನಮ್ಮ ಶಾಲೆಗಳ ಮುಖ್ಯಸ್ಥರು ಗಮನಿಸಬೇಕಾದುದು ಇದಕ್ಕಿಂತ ಮುಂದಿನ ಘಟ್ಟವನ್ನು. 1926ರಿಂದ 1930ರವರೆಗೆ ಶ್ರೀಯವರು ಮೈಸೂರು ವಿಶ್ವವಿದ್ಯಾನಿಲಯದ ಕುಲಸಚಿವರಾಗಿದ್ದರು. ಕಡತಗಳ ನಡುವೆ ಕುಳಿತ ಅಧಿಕಾರಿ ಭಾಷೆಗೆ ಏನು ಮಾಡಬಲ್ಲ? 1927ರಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದುದು ಅವರ ಅವಧಿಯಲ್ಲೇ. ಕುವೆಂಪು ಅವರು ಅದರ ಮೊದಲ ತಂಡದ ವಿದ್ಯಾರ್ಥಿ. ಮುಂದೆ ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾದಾಗ ಕನ್ನಡ ಕಲಿಯುವವರಿಗಾಗಿ ಕಾವ, ಜಾಣ, ರತ್ನ ಪರೀಕ್ಷೆಗಳನ್ನು ಏರ್ಪಡಿಸಿದರು. ಕಲಿಯುವವನು ಈಗ ನಿಂತಿರುವ ಮೆಟ್ಟಿಲು ಯಾವುದೆಂದು ನೋಡಿ, ಅಲ್ಲಿಂದ ಮುಂದಿನ ಮೆಟ್ಟಿಲನ್ನು ಕಟ್ಟಿಕೊಡುವುದು ಅವರ ರೀತಿ. ಭಾಷಣಕ್ಕೆ ಚಪ್ಪಾಳೆ ಗಿಟ್ಟಿಸುವುದಕ್ಕಿಂತ ಇದು ಕಷ್ಟದ ಕೆಲಸ.

ಈ ಮಾತನ್ನು ನಾವು ಸುಮ್ಮನೆ ಎತ್ತಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಹಳ್ಳಿಗಳಿಂದ ಹಳದಿ ವಾಹನಗಳಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಬರುವ ಮಕ್ಕಳನ್ನು ನಾವು ನಿತ್ಯ ನೋಡುತ್ತೇವೆ. ಮನೆಯಲ್ಲಿ ಗಿಳಿಯಂತೆ ಮಾತಾಡುವ ಮಗು ತರಗತಿಯಲ್ಲಿ ಮೂಕವಾಗುತ್ತದೆ. ‘ಹ’ಕಾರವನ್ನು ನುಂಗುವ ನಮ್ಮ ಸೀಮೆಯ ಮಾತಿಗೆ ಕನ್ನಡದ ಪಾಠದಲ್ಲೂ ನಗೆ, ಇಂಗ್ಲಿಷಿನಲ್ಲಂತೂ ಬಾಯೇ ಇಲ್ಲ. ನಾವು ಬಲ್ಲ ಒಂದು ಶಾಲೆಯಲ್ಲಿ ಕನ್ನಡ ಮಾತಾಡಿದ ಮಗುವಿನಿಂದ ದಂಡ ವಸೂಲು ಮಾಡುತ್ತಿದ್ದರು. ಆ ಹಣವನ್ನು ಬಡವರ ನಿಧಿಗೆ ಸೇರಿಸುತ್ತೇವೆಂದು ಸಮಾಧಾನ ಹೇಳಿದರು. ನಮಗೆ ಸಮಾಧಾನವಾಗಲಿಲ್ಲ.

ಏನನ್ನೇ ಆಗಲಿ ಸ್ವೀಕರಿಸುವವನು ತನ್ನ ಪಾತ್ರೆಯ ಆಕಾರಕ್ಕೆ ತಕ್ಕಂತೆ ಸ್ವೀಕರಿಸುತ್ತಾನೆ ಎಂಬ ತತ್ತ್ವವನ್ನು ಸಂತ ತೋಮಾಸ್ ಅಕ್ವಿನಾಸರು ಮತ್ತೆ ಮತ್ತೆ ಬಳಸುತ್ತಾರೆ. ಗುರುಮಠದಲ್ಲಿ ಇದನ್ನು ನಾವು ಕಲಿತದ್ದು ಇಂಗ್ಲಿಷಿನಲ್ಲಿ. ಅರ್ಥವಾದದ್ದು ಹಿರಿಯ ಸಹಪಾಠಿಯೊಬ್ಬರು ಊಟದ ಬಿಡುವಿನಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಿದಾಗ. ಮಗುವಿನ ಪಾತ್ರೆ ಕನ್ನಡದ್ದು. ಅದನ್ನು ಒಡೆದು ಇಂಗ್ಲಿಷನ್ನು ಎಲ್ಲಿ ತುಂಬುವುದು?

ತಂದೆತಾಯಿಗಳನ್ನು ದೂಷಿಸಲು ನಮಗೆ ಮನಸ್ಸಿಲ್ಲ. ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡಿ ಶುಲ್ಕ ಕಟ್ಟುವ ತಾಯಿ ಇಂಗ್ಲಿಷನ್ನು ಬಯಸುವುದು ಒಣಪ್ರತಿಷ್ಠೆಗಲ್ಲ, ಬಾಗಿಲೊಂದು ತೆರೆಯಲೆಂದು. ಶಿಕ್ಷಣ ಮಾಧ್ಯಮದ ಆಯ್ಕೆ ಪೋಷಕರದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿತು. 2019ರಲ್ಲಿ ರಾಜ್ಯ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನು ಆರಂಭಿಸಿತು. ಆದ್ದರಿಂದ ಇಂಗ್ಲಿಷ್ ಬೇಕೇ ಬೇಡವೇ ಎಂಬ ಚರ್ಚೆ ಮುಗಿದಂತೆಯೇ. ಅದನ್ನು ಮಗುವಿಗೆ ಹೇಗೆ ತಲುಪಿಸುವುದೆಂಬುದು ಮುಖ್ಯೋಪಾಧ್ಯಾಯರ ಕೈಯಲ್ಲಿದೆ. ಮೊದಲ ವರ್ಷಗಳಲ್ಲಿ ಮಗು ಕನ್ನಡದಲ್ಲಿ ಪ್ರಶ್ನೆ ಕೇಳಲಿ, ಶಿಕ್ಷಕಿ ಕನ್ನಡದಲ್ಲಿ ಅರ್ಥ ಹೇಳಿ ಇಂಗ್ಲಿಷಿನ ವಾಕ್ಯವನ್ನು ಕೈಗಿಡಲಿ ಎಂದು ಮುಖ್ಯಸ್ಥರು ಬಾಯಿಬಿಟ್ಟು ಹೇಳಬೇಕು. ಇಲ್ಲವಾದರೆ ಹೆದರಿದ ಶಿಕ್ಷಕಿ ಹಾಗೆ ಮಾಡಲಾರಳು. ಅತ್ಯುತ್ತಮ ಇಂಗ್ಲಿಷ್ ಶಿಕ್ಷಕರನ್ನು ಹತ್ತನೆಯ ತರಗತಿಗೇ ಮೀಸಲಿಡುವ ವಾಡಿಕೆ ಬೇರೆ ಇದೆ. ಬುಡಕ್ಕೆ ನೀರಿಲ್ಲದೆ ತುದಿಗೆ ಗೊಬ್ಬರ! ಪೋಷಕರ ಸಭೆಯೂ ಇಂಗ್ಲಿಷಿನಲ್ಲೇ ನಡೆದರೆ ಆ ತಾಯಿ ಹಿಂದಿನ ಬೆಂಚಿನಲ್ಲಿ ಕುಳಿತು, ಸಹಿ ಹಾಕಿ, ಏನೂ ಕೇಳದೆ ಮನೆಗೆ ಮರಳುತ್ತಾಳೆ. ಮಗುವಿನ ಮೌನ ಅವಳಿಂದಲೇ ಬಂತೆಂದು ಆಮೇಲೆ ನಾವು ಹೇಳುತ್ತೇವೆ.

ಶ್ರೀಯವರು 1942ರಲ್ಲಿ ನಿವೃತ್ತರಾದರು. ಅದಕ್ಕೆ ಮುನ್ನವೇ, 1938ರಲ್ಲಿ, ಮೈಸೂರು ಅರಮನೆಯಿಂದ ರಾಜಸೇವಾಸಕ್ತ ಎಂಬ ಬಿರುದು ಸಂದಿತ್ತು. ವಿಶ್ರಾಂತಿಯ ವಯಸ್ಸಿನಲ್ಲಿ ಧಾರವಾಡಕ್ಕೆ ತೆರಳಿ ಅಲ್ಲಿ ಹೊಸ ಕಾಲೇಜೊಂದರ ಪ್ರಾಂಶುಪಾಲರಾದರು. 1911ರಲ್ಲಿ ಕನ್ನಡದ ಪರವಾಗಿ ದನಿಯೆತ್ತಿದ್ದ ಆ ಊರಿನಲ್ಲಿಯೇ, 1946ರ ಜನವರಿಯಲ್ಲಿ, ಪ್ರಾಂಶುಪಾಲರಾಗಿರುವಾಗಲೇ ತೀರಿಕೊಂಡರು.

ಸಂತ ನ್ಯೂಮನ್ನರನ್ನು ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು 2025ರ ನವೆಂಬರ್ 1ರಂದು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ಸಂತ ಅಕ್ವಿನಾಸರೊಡನೆ ಅವರು ಕಥೋಲಿಕ ಶಿಕ್ಷಣದ ಪಾಲಕರೂ ಹೌದು. ಅವರ ಗೀತೆಯನ್ನು ನಮ್ಮ ಧರ್ಮಕೇಂದ್ರದ ಮಕ್ಕಳಿಗೆ ಈ ವರ್ಷ ಎರಡು ಭಾಷೆಗಳಲ್ಲೂ ಕಲಿಸುತ್ತಿದ್ದೇವೆ. ಕನ್ನಡದ್ದನ್ನು ಮೊದಲು ಹೇಳಿಕೊಡುತ್ತೇವೆ. ಇಂಗ್ಲಿಷಿನದು ಆಮೇಲೆ ಎರಡೇ ಭಾನುವಾರಗಳಲ್ಲಿ ಬಾಯಿಗೆ ಬಂತು.